ಮೂಲೆಯ ತಂತಿ

ಜನವರಿ 9

ಅಪ್ಪನಿಗೆ,

ಫೋನು ಮಾಡಿದರೆ ನೀನು "ಹೂಂ" ಎಂಬ ಒಂದೇ ಶಬ್ದವನ್ನು ಹಿಂದೆಮುಂದೆ ತಿರುಗಿಸಿ ಹೇಳಿ ಅತ್ತಿಗೆಯ ಕೈಗೆ ದಾಟಿಸುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಬರೀ ಹೂಂ ಅಂತ ಉತ್ತರ ಬರೆದು ಅಂಚೆಗೆ ಹಾಕುವಷ್ಟು ಧೈರ್ಯ ನಿನಗೂ ಇರಲಾರದು.

ಕಾಲು ಹೇಗಿದೆ? ಪ್ಲಾಸ್ಟರು ತೆಗೆದ ಮೇಲೂ ಕೆಲವು ದಿನ ಕೋಲು ಹಿಡಿದೇ ನಡೆಯಬೇಕಂತೆ, ಅಣ್ಣ ಹೇಳಿದ. ನಾನು ಹುಟ್ಟುವ ಮೊದಲಿನಿಂದ ಹತ್ತಿ ಇಳಿಯುತ್ತಿದ್ದ ಜೆಟ್ಟಿಯ ಮೆಟ್ಟಿಲಲ್ಲಿ ನಿನಗೆ ಅದು ಹೇಗೆ ಕಾಲು ತಪ್ಪಿತೋ ನನಗಿನ್ನೂ ಬಗೆಹರಿದಿಲ್ಲ. ಹಾಡುಹಗಲು, ಮೆಟ್ಟಿಲು ಒಣಗಿತ್ತು. ಕೇಳಿದರೆ "ಜಾರಿತು, ಅಷ್ಟೇ" ಅಂದೆ. ಕನ್ನಡಕವೂ ಅವತ್ತೇ ಒಡೆಯಿತಲ್ಲ, ಅಣ್ಣನಿಗೆ ಹೇಳಿ ಹೊಸದು ಮಾಡಿಸಿಕೋ.

ನೀನು ಅಣ್ಣನ ಮನೆಗೆ ಹೋದ ಮೇಲೆ ಇಲ್ಲಿ ಮನೆ ಅಗಲವಾಗಿದೆ. ಭಾನುವಾರ ಬಾಗಿಲಿಗೆ ಅಡ್ಡ ಬಲೆ ಹರಡಿಕೊಂಡು ಕೂತು ನನ್ನ ಕಾಲಿಗೆ ತೊಡರಿಸುವವರಿಲ್ಲ. ಊರಿನ ದೋಣಿಗಳೆಲ್ಲ ಹೊರಡುವ ಭಾನುವಾರ ನೀನೊಬ್ಬ ಹೊರಡುತ್ತಿರಲಿಲ್ಲ. "ಮಗಳಿಗೆ ರಜೆ, ಒಂದಿನ ಜೊತೇಲಿ ಊಟ ಮಾಡಬಾರದಾ?" ಅನ್ನುತ್ತಿದ್ದೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ "ಇವತ್ತು ಬಟ್ಟೆ ಜಾಸ್ತಿ ಇದೆಯಾ?" ಅಂತ ಕೇಳುವವರೂ ಇಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಕಮ್ಮಿ ಇರುವ ದಿನ ಅಂತ ಒಂದು ಇದೆಯೇ ಎಂದು ದಿನಾ ಸಿಡುಕುತ್ತಿದ್ದೆ. ಈಗ ಸಿಡುಕಲು ಯಾರೂ ಸಿಗದೆ ಬೆಳಗಿನ ಹೊತ್ತು ಬಾಯಿ ಸಪ್ಪಗಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಜೆಟ್ಟಿ ಮೇಸ್ತ್ರಿ ದಾರಿಯಲ್ಲಿ ನಿಲ್ಲಿಸಿ ನಿನ್ನ ಆರೋಗ್ಯ ವಿಚಾರಿಸಿದ, ನನ್ನ ಆರೋಗ್ಯ ವಿಚಾರಿಸಿದ, ಇವನಿಗೆ ಬೇರೇನೋ ಬೇಕಿದೆ ಅಂತ ನನಗೆ ಆಗಲೇ ಅನ್ನಿಸಿತು. ಕೊನೆಗೆ ಬಾಯಿ ಬಿಟ್ಟ. ಇಡೀ ಸೀಸನ್ ಕಟ್ಟಿದಲ್ಲೇ ಇರುವ ದೋಣಿಗೆ ಜೆಟ್ಟಿಯಲ್ಲಿ ಜಾಗವಿಲ್ಲ. ಮಳೆಗಾಲದ ಒಳಗೆ ನಮ್ಮ ದೋಣಿಯಿಂದ ಮೀನು ಇಳಿದದ್ದು ಅವನ ಕಣ್ಣಿಗೆ ಬೀಳಬೇಕು. ಇಲ್ಲದಿದ್ದರೆ ನಾವು ಹಗ್ಗ ಕಟ್ಟುವ ಕಬ್ಬಿಣದ ಬಳೆ ಬೇರೆಯವರಿಗೆ. ನೀನೇ ಕೈ ಎತ್ತಿ ಒಪ್ಪಿದ ನಿಯಮವಂತೆ.

ಬಳೆ ಹೋದರೆ ದೋಣಿ ಎಲ್ಲಿ ಕಟ್ಟುವುದು? ಏನು ಮಾಡಲಿ, ಬರೆ.

ನಿನ್ನ ಮಗಳು

ಜನವರಿ 21

ಮಗಳಿಗೆ,

ಕಾಲು ಇದೆ. ಪ್ಲಾಸ್ಟರಿನ ಒಳಗೆ ತುರಿಸುತ್ತದೆ. ಕನ್ನಡಕ ಇಲ್ಲದ್ದರಿಂದ ನಾನು ಹೇಳಿದ್ದನ್ನು ನಿನ್ನ ಅತ್ತಿಗೆ ಬರೆಯುತ್ತಿದ್ದಾಳೆ.

ದೋಣಿ ಮುಟ್ಟಬೇಡ. ಏಪ್ರಿಲ್ ಹೊತ್ತಿಗೆ ಬಂದು ನಾನೇ ತೆಗೆದುಕೊಂಡು ಹೋಗುತ್ತೇನೆ. ಮೇಸ್ತ್ರಿಗೆ ಹಾಗೆ ಹೇಳು. ಅವನಿಗೆ ಗಂಟು ಹಾಕುವುದು ಕಲಿಸಿದವನು ನಾನು, ಈಗ ನನಗೇ ನಿಯಮ ಓದುತ್ತಾನೆ.

ಒಳಗೆ ನೀರು ನಿಂತಿದ್ದರೆ ಮೊಗೆದು ಚೆಲ್ಲು. ಟಾರ್ಪಾಲು ಬಿಗಿ ಮಾಡು. ಅಷ್ಟು ಸಾಕು.

ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಕೇಳಿದರೆ ಫ್ಯಾನು ತೋರಿಸುತ್ತಾರೆ.

ಅಪ್ಪ

(ಇದು ಅತ್ತಿಗೆ. ಮಾವನವರು ಚೆನ್ನಾಗಿ ಊಟ ಮಾಡುತ್ತಾರೆ, ಚಿಂತೆ ಬೇಡ. ಕನ್ನಡಕದ ಅಂಗಡಿಗೆ ನಿನ್ನ ಅಣ್ಣ ಎರಡು ಸಲ ಕರೆದುಕೊಂಡು ಹೊರಟರು. ಎರಡು ಸಲವೂ ಬಾಗಿಲ ಹತ್ತಿರ ಬಂದಾಗ ಮಾವನವರಿಗೆ ಹೊಟ್ಟೆನೋವು ಬಂತು.)

ಫೆಬ್ರವರಿ 7

ಅಪ್ಪನಿಗೆ,

ಅಣ್ಣ ಫೋನು ಮಾಡಿದ್ದ. ದೋಣಿ ಮಾರೋಣ ಅನ್ನುತ್ತಾನೆ. ಇದನ್ನು ನಿನಗೆ ಹೇಳಿದ್ದಾನೋ ಇಲ್ಲವೋ, ಈಗ ಅತ್ತಿಗೆ ಓದಿ ಹೇಳುತ್ತಿರುವುದರಿಂದ ಗೊತ್ತಾಯಿತಲ್ಲ. ಬೀಚ್ ರಸ್ತೆಯ ಹೋಟೆಲಿನವನು ಬಂದು ಟೇಪು ಹಿಡಿದು ದೋಣಿಯ ಉದ್ದಗಲ ಅಳೆದು ಹೋದ. ಮೀನು ಹಿಡಿಯಲು ಅಂದುಕೊಂಡೆಯಾ? ಹೋಟೆಲಿನ ಮುಂದೆ ಇಟ್ಟು, ಒಳಗೆ ಮಣ್ಣು ತುಂಬಿ, ಹೂವಿನ ಗಿಡ ನೆಡುತ್ತಾನಂತೆ. "ಜನ ಫೋಟೋ ತೆಗೆಸ್ಕೋತಾರೆ ಮೇಡಂ, ಒಳ್ಳೆ ಲುಕ್ ಇರುತ್ತೆ" ಅಂದ. ನಿನ್ನ ದೋಣಿಯಲ್ಲಿ ಗುಲಾಬಿ ಗಿಡ. ನನಗೆ ಮೈ ಉರಿದುಹೋಯಿತು.

ಆದ್ದರಿಂದ ಕೇಳು. ನಾನು ದೋಣಿ ತೆಗೆದುಕೊಂಡು ಹೋಗುತ್ತೇನೆ. ನೀನು ಏಪ್ರಿಲ್ ಅನ್ನುತ್ತೀಯ, ಅಣ್ಣ ಜೂನ್ ಅನ್ನುತ್ತಾನೆ, ಡಾಕ್ಟರು ಏನನ್ನುತ್ತಾರೋ ಯಾರೂ ನನಗೆ ಹೇಳುತ್ತಿಲ್ಲ. ಚಿಕ್ಕವಳಿದ್ದಾಗ ಜೆಟ್ಟಿಯ ಒಳಗಡೆ ನೀನು ನನ್ನ ಕೈಗೆ ಹುಟ್ಟು ಕೊಟ್ಟು ಕಲಿಸಿದ್ದು ತೋಳಿಗೆ ನೆನಪಿದೆ. ಹೊರಗಿನ ಸಮುದ್ರಕ್ಕೆ ಮಾತ್ರ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ ನೀನು. ನಲವತ್ತು ದಾಟಿದೆ ನನಗೆ, ಇನ್ನು ಯಾವಾಗ ಹೋಗಲಿ?

ಜೆಟ್ಟಿಯವರೆಲ್ಲ ಗ್ರೀಸ್ ಅಂತ ಕರೆಯುವ ಇಂಜಿನ್ ಮೆಕ್ಯಾನಿಕ್ ಬಂದು ಎಲ್ಲ ಬಿಚ್ಚಿ ಕಟ್ಟಿ ಕೊಟ್ಟಿದ್ದಾನೆ. ಈ ಜೆಟ್ಟಿಯ ಎಲ್ಲ ಇಂಜಿನ್ನುಗಳ ಕೆಮ್ಮು ಕೇಳಿಯೇ ರೋಗ ಹೇಳುವ ಗಂಡಸು, ಜೊತೆಗೆ ಬಾರೋ ಅಂದರೆ ಮುಖ ಬಿಳಿಚಿಕೊಂಡ. "ದೋಣಿ ಅಲ್ಲಾಡಿದ್ರೆ ನಂಗೆ ವಾಂತಿ ಬರುತ್ತೆ ಅಕ್ಕಾ, ಯಾರಿಗೂ ಹೇಳ್ಬೇಡಿ" ಅಂದ. ನಿನಗೊಬ್ಬನಿಗೆ ಹೇಳಿದ್ದೇನೆ.

ಅವನೇ ಇನ್ನೊಂದು ತೋರಿಸಿದ. ಪಕ್ಕದ ಹಲಗೆಯ ಮೇಲೆ ಉದ್ದಕ್ಕೆ ಒಂದು ಆಳವಾದ ಗೀರು ಇದೆಯಲ್ಲ, ಪಕ್ಕದ ದೋಣಿ ತಾಗಿತು ಅಂತ ನೀನು ಹೇಳಿದ್ದು. "ಇದು ದೋಣಿ ತಾಗಿದ್ದಲ್ಲ ಅಕ್ಕಾ, ಬಂಡೆ ಉಜ್ಜಿದ್ದು" ಅನ್ನುತ್ತಾನೆ. ಹೌದಾ?

ದಾರಿ ಹೇಳು. ಜೆಟ್ಟಿಯ ಬಾಯಲ್ಲಿ ಆ ಎರಡು ಬಂಡೆಗಳಿವೆಯಲ್ಲ, ನೀವೆಲ್ಲ ಕೋರೆಹಲ್ಲು ಅನ್ನುವುದು, ಅವುಗಳ ನಡುವೆ ಹೇಗೆ ಬರಬೇಕು ಹೇಳು. ನೀನು ಹೇಳದಿದ್ದರೂ ಹೋಗುತ್ತೇನೆ.

ನಿನ್ನ ಮಗಳು

ಫೆಬ್ರವರಿ 19

ಮಗಳಿಗೆ,

ಬೇಡ ಅಂದರೆ ಬಿಡುವವಳಲ್ಲ ನೀನು. ನಿನ್ನ ಅಮ್ಮನಿಗೂ ಇದೇ ಬುದ್ಧಿ ಇತ್ತು. ಹೇಳುತ್ತೇನೆ, ಸರಿಯಾಗಿ ಕೇಳು.

ಎದ್ದು ನಿಂತು ಇಂಜಿನ್ ಹಗ್ಗ ಎಳೆಯಬೇಡ, ಕೂತು ಎಳೆ. ಲಂಗರು ಹಾಕುವ ಮೊದಲು ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯಾ ನೋಡು. ನಗಬೇಡ, ಕಟ್ಟದೆ ಹಾಕಿದವರು ಇದ್ದಾರೆ, ಅವರಲ್ಲೊಬ್ಬ ಈಗ ಜೆಟ್ಟಿ ಮೇಸ್ತ್ರಿ. ಗಾಳಕ್ಕೆ ಕೈ ಕೊಡುವ ಮುಂಚೆ ಬಟ್ಟೆಯ ತೋಳು ಮಡಚಿಕೋ. ಹಾಡು ಗೀಡು ಹೇಳುತ್ತ ಕೂರಬೇಡ, ನೀರಿನ ಸದ್ದು ಕೇಳಬೇಕು.

ದಾರಿಗೆ ಎರಡು ಗುರುತು. ದಡದ ಹತ್ತಿರ ನೀರಿನ ಟ್ಯಾಂಕು. ಅದರ ಹಿಂದೆ, ಮೇಲೆ ದಿಬ್ಬದಲ್ಲಿ, ಶಾಲೆಯ ಹಳದಿ ಗೋಡೆ. ಟ್ಯಾಂಕು ಹಳದಿ ಗೋಡೆಯ ನಟ್ಟನಡುವೆ ಬಂದು ನಿಂತರೆ ನೀನು ಸಾಲಿನಲ್ಲಿದ್ದೀಯ. ಅದೇ ಸಾಲು ಹಿಡಿದು ಹೊರಗೆ ಹೋದರೆ ಕಲ್ಲುತಳ ಸಿಗುತ್ತದೆ, ಅಲ್ಲಿ ಮೀನಿದೆ. ಅದೇ ಸಾಲು ಹಿಡಿದು ಒಳಗೆ ಬಂದರೆ ಕೋರೆಹಲ್ಲಿನ ನಡುವೆ ಬರುತ್ತೀಯ. ಟ್ಯಾಂಕು ಗೋಡೆ ಬಿಟ್ಟು ಆಚೀಚೆ ಸರಿದರೆ ಬಂಡೆಗೆ ಹೋಗುತ್ತೀಯ. ಇದನ್ನು ನನಗೆ ನಮ್ಮಪ್ಪ ಹೇಳಿದ್ದು.

ಭಾನುವಾರ ಹೋಗಬೇಡ.

ಗೀರಿನ ವಿಷಯ ಗ್ರೀಸಿಗೆ ಏನು ಗೊತ್ತು, ವಾಂತಿ ಮಾಡುವವನಿಗೆ.

ಅಪ್ಪ

(ಅತ್ತಿಗೆ. ಭಾನುವಾರ ಯಾಕೆ ಬೇಡ ಅಂತ ಬರೆಯಲಿ ಎಂದು ಕೇಳಿದೆ. "ಬೇಡ ಅಂತ ಬರಿ" ಅಂದರು. ಇನ್ನೊಂದು ಸಲ ಕೇಳಿದೆ, ನಿದ್ದೆ ಬಂತು ಅಂತ ಗೋಡೆಯ ಕಡೆ ತಿರುಗಿ ಮಲಗಿದರು. ಊಟವಾಗಿ ಇನ್ನೂ ಕೈ ಒಣಗಿರಲಿಲ್ಲ.)

ಮಾರ್ಚ್ 4

ಅಪ್ಪನಿಗೆ,

ಅತ್ತಿಗೆ, ಇದನ್ನು ಓದಿ ಹೇಳುವಾಗ ಯಾವ ಮಾತನ್ನೂ ನುಂಗಬೇಡಿ. ಎಲ್ಲವನ್ನೂ ಓದಿ.

ಭಾನುವಾರವೇ ಹೋದೆ. ನನಗೆ ಇರುವುದು ಅದೊಂದೇ ರಜೆ. ಭಾನುವಾರ ಬೇಡ ಅನ್ನುವವರು ಕಾರಣವನ್ನೂ ಹೇಳಬೇಕಿತ್ತು.

ಬೆಳಿಗ್ಗೆ ಹಗ್ಗ ಬಿಚ್ಚುವುದರಲ್ಲೇ ಅರ್ಧ ಬೆವತೆ. ನೀನು ಹಾಕಿದ ಗಂಟು ಹಾಗೇ ಇತ್ತು, ಉಪ್ಪು ಕುಡಿದು ಕಲ್ಲಾಗಿತ್ತು. ಅದನ್ನು ಬಿಡಿಸುವಾಗ ಮನಸ್ಸಿಗೆ ಒಂಥರಾ ಆಯಿತು. ಇಂಜಿನ್ ಮೊದಲ ಎಳೆತಕ್ಕೇ ಹಿಡಿಯಿತು. ಗ್ರೀಸ್ ಮೆಟ್ಟಿಲ ಮೇಲೆ ನಿಂತು, ಹೆತ್ತ ಮಗುವನ್ನು ಶಾಲೆಗೆ ಕಳಿಸುವವನ ಹಾಗೆ ಕೈ ಬೀಸಿದ. ಹೊರಡುತ್ತಲೇ ಪಕ್ಕದ ದೋಣಿಗೆ ಒಂದು ಸಲ ಗುದ್ದಿದೆ. ಅದರಲ್ಲಿದ್ದವನು "ಅಪ್ಪ ಎಷ್ಟೋ ವಾಸಿ" ಅಂದ. ನಾನು ಕೇಳಿಸದವಳ ಹಾಗೆ ಮುಂದೆ ಹೋದೆ.

ಬೇರೆ ದೋಣಿಗಳ ಸಾಲಿನಲ್ಲಿ ಸೇರಿಕೊಂಡೇ ಹೋಗಿದ್ದರಿಂದ ಕೋರೆಹಲ್ಲು ದಾಟಿದ್ದು ಗೊತ್ತೇ ಆಗಲಿಲ್ಲ. ಆಚೆ ಹೋದ ಮೇಲೆ ಅವರೆಲ್ಲ ಚದುರಿದರು, ನಾನೊಬ್ಬಳೇ ಉಳಿದೆ. ನೀರು ಅಷ್ಟು ಹತ್ತಿರ ಇರುತ್ತದೆ ಅಂತ ನೀನು ಯಾವತ್ತೂ ಹೇಳಿರಲಿಲ್ಲ ಅಪ್ಪ. ಕೈ ಇಳಿಬಿಟ್ಟರೆ ಸಿಗುತ್ತದೆ, ಕೆಳಗೆ ತಳವೇ ಇಲ್ಲ. ಹೆದರಿಕೆಯೂ ಆಯಿತು, ಖುಷಿಯೂ ಆಯಿತು. ಇಷ್ಟು ವರ್ಷ ನೀನು ಸಂಜೆ ಬಂದು ಏನೂ ಮಾತಾಡದೆ ಕೂರುತ್ತಿದ್ದೆಯಲ್ಲ, ಅದು ಯಾಕೆ ಅಂತ ಅಲ್ಲಿ ಸ್ವಲ್ಪ ತಿಳಿಯಿತು.

ಆಮೇಲೆ ನಿನ್ನ ಗುರುತು ಹುಡುಕಿದೆ. ಟ್ಯಾಂಕು ಇತ್ತು. ಹಳದಿ ಗೋಡೆ ಇರಲಿಲ್ಲ. ಮುಂದೆ ಹೋದೆ, ಹಿಂದೆ ಬಂದೆ, ಆಚೀಚೆ ತಿರುಗಿದೆ, ಇಡೀ ದಡದಲ್ಲಿ ಹಳದಿ ಅನ್ನುವ ಬಣ್ಣವೇ ಇಲ್ಲ. ಕಲ್ಲುತಳ ಸಿಗಲಿಲ್ಲ. ಎಲ್ಲೋ ಒಂದು ಕಡೆ ಲಂಗರು ಹಾಕಿ ಗಾಳ ಬಿಟ್ಟೆ, ಒಂದು ಮೀನೂ ಮುಟ್ಟಲಿಲ್ಲ. ವಾಪಸು ಬರುವ ಹೊತ್ತಿಗೆ ದಡದ ಮೇಲೆ ಮಬ್ಬು ಕವಿದಿತ್ತು. ಕೋರೆಹಲ್ಲಿನ ಹತ್ತಿರ ಬಿಳಿ ನೊರೆ ಏಳುತ್ತಿತ್ತು, ನಡುವಿನ ದಾರಿ ಎಲ್ಲಿ ಅಂತ ತಿಳಿಯಲಿಲ್ಲ. ಮತ್ತೆ ಗೋಡೆ ಹುಡುಕಿದೆ. ಆಗ ಅರ್ಥವಾಯಿತು. ಗೋಡೆ ಇರಬೇಕಾದ ಜಾಗದಲ್ಲಿ ಆಸ್ಪತ್ರೆ ನಿಂತಿದೆ. ಮೂರು ಮಹಡಿ, ಮೇಲೆ ನಾನು ದಿನಾ ಬಟ್ಟೆ ಒಣಹಾಕುವ ತಾರಸಿ. ತಾರಸಿಯಲ್ಲಿ ಬರೀ ಕಂಬಗಳು, ಬಟ್ಟೆ ಇಲ್ಲದ ತಂತಿಗಳು. ದಿನಾ ಶಾಲೆಯ ಮುಂದೆಯೇ ಹಾದು ಕೆಲಸಕ್ಕೆ ಹೋಗುವ ನನಗೆ, ಸಮುದ್ರದಿಂದ ನೋಡಿದರೆ ಆಸ್ಪತ್ರೆ ಆ ಗೋಡೆಯನ್ನು ಪೂರ್ತಿ ಮುಚ್ಚಿಬಿಡುತ್ತದೆ ಅಂತ ಹೊಳೆಯುವುದಾದರೂ ಹೇಗೆ?

ಇಂಜಿನ್ ನಿಲ್ಲಿಸಿ ಕಾದೆ. ದೋಣಿ ಸುಮ್ಮನೆ ಬಂಡೆಯ ಕಡೆಗೇ ಜಾರುತ್ತಿತ್ತು, ಹುಟ್ಟು ಹಾಕಿ ಹಾಕಿ ಅಂಗೈಗೆ ಬೊಬ್ಬೆ ಬಂತು. ಕೊನೆಗೆ ಒಂದು ದೊಡ್ಡ ಬೋಟು ಬಂತು. ಅದರ ಬಾಲ ಹಿಡಿದುಕೊಂಡು ಒಳಗೆ ಬಂದೆ. ಮೆಟ್ಟಿಲ ಮೇಲೆ ಮೇಸ್ತ್ರಿ ನಿಂತಿದ್ದ. ಖಾಲಿ ಬಕೆಟ್ಟು ನೋಡಿ, "ದೋಣಿಗೆ ಸ್ನಾನ ಮಾಡಿಸ್ಕೊಂಡು ಬಂದ್ರೆ ಆಗಲ್ಲಮ್ಮ, ಮೀನು ಇಳೀಬೇಕು" ಅಂದ.

ಅಪ್ಪ, ಆಸ್ಪತ್ರೆ ಕಟ್ಟಿ, ನಾನು ಅಲ್ಲಿ ಸೇರಿ ಐದು ವರ್ಷ ದಾಟಿತು. ಅಷ್ಟು ಕಾಲ ನೀನು ಯಾವ ಗೋಡೆ ನೋಡಿಕೊಂಡು ಬರುತ್ತಿದ್ದೆ? ಜೆಟ್ಟಿಯಲ್ಲಿ ಕೂತು ಇದನ್ನೇ ಯೋಚಿಸಿದೆ. ಒಂದೇ ಉತ್ತರ ಸಿಗುತ್ತದೆ. ನಿನಗೆ ಆ ಗೋಡೆ ಕಾಣುತ್ತಿರಲಿಲ್ಲ. ಅದು ಮರೆಯಾದದ್ದೂ ನಿನಗೆ ಕಾಣಲಿಲ್ಲ. ಮೆಟ್ಟಿಲು ಕಾಣಲಿಲ್ಲ. ಒಡೆದದ್ದು ಬರೀ ಕನ್ನಡಕ ಅಲ್ಲ. ನಿನ್ನ ಕಣ್ಣು ಹೋಗಿ ಎಷ್ಟು ದಿನವಾಯಿತು?

ಒಂದೇ ಮನೆಯಲ್ಲಿ ಇದ್ದೆವು. ಎದುರಾಬದುರು ಕೂತು ಉಣ್ಣುತ್ತಿದ್ದೆವು. ನನಗೆ ಸಿಟ್ಟು ಬಂದಿದೆ. ನನಗೆ ಕಾಣಿಸಲಿಲ್ಲವಲ್ಲ ಅಂತ ನನ್ನ ಮೇಲೂ ಬಂದಿದೆ, ಆದರೆ ನಿನ್ನ ಮೇಲೇ ಜಾಸ್ತಿ. ಇಲ್ಲದ ಗುರುತು ಕೊಟ್ಟು ಮಗಳನ್ನು ಬಂಡೆಯ ಮೇಲೆ ಕಳಿಸುವ ಬದಲು ಒಂದು ಮಾತು ಹೇಳಬಾರದಿತ್ತಾ?

ನಿನ್ನ ಮಗಳು

ಮಾರ್ಚ್ 15

ಪ್ರೀತಿಯ ನಾದಿನಿಗೆ,

ಇದು ಪೂರ್ತಿ ನನ್ನ ಕಾಗದ, ಮಾವನವರಿಗೆ ಗೊತ್ತಿಲ್ಲ.

ನೀನು ಹೇಳಿದ ಹಾಗೆ ಒಂದೂ ಮಾತು ಬಿಡದೆ ಓದಿದೆ. ಬೈಗುಳಕ್ಕೆ ಏನೂ ಅನ್ನಲಿಲ್ಲ. ಒಂದು ಸಾಲನ್ನು ಮಾತ್ರ ಇನ್ನೊಂದು ಸಲ ಓದಿಸಿದರು. ಕಣ್ಣಿನ ಸಾಲು ಅಂದುಕೊಂಡೆಯಾ, ಅಲ್ಲ. "ತಾರಸಿಯಲ್ಲಿ ಬರೀ ಕಂಬಗಳು, ಬಟ್ಟೆ ಇಲ್ಲದ ತಂತಿಗಳು" ಅಂತ ಬರೆದಿದ್ದೆಯಲ್ಲ, ಅದು. ಕೇಳಿ ತಲೆ ತಗ್ಗಿಸಿಕೊಂಡು ಕೂತರು.

ನನಗೂ ಅನುಮಾನ ಇತ್ತು. ಬಾಗಿಲ ಹಿಂದೆ ನಿನ್ನ ಅಣ್ಣನ ರೇನ್‌ಕೋಟು ನೇತುಹಾಕಿದೆ. ಒಂದು ದಿನ ಮಾವನವರು ಅದಕ್ಕೆ "ಯಾಕೋ, ನಿಂತೇ ಇದ್ದೀಯ, ಊಟ ಮಾಡಲ್ವಾ?" ಅಂತ ಕೇಳಿದರು. ಅದು ಉತ್ತರ ಕೊಡಲಿಲ್ಲ ಅಂತ ಸಿಟ್ಟು ಮಾಡಿಕೊಂಡರು. ನಗು ಬಂತು, ಒಳಗೆ ಹೋಗಿ ಅತ್ತೆ. ಯಾರಿಗೂ ಹೇಳಲಿಲ್ಲ. ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಾನು ಹೇಗೆ ಬಿಚ್ಚಲಿ ಅನ್ನಿಸಿತು. ನನ್ನ ಮೇಲೂ ಸಿಟ್ಟು ಮಾಡಿಕೋ, ಪರವಾಗಿಲ್ಲ.

ಈಗ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆವು. ಈ ಸಲ ಹೊಟ್ಟೆನೋವು ಬರಲಿಲ್ಲ. ಹೋದದ್ದು ವಾಪಸು ಬರುವುದಿಲ್ಲ ಅಂದರು. ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ಕಣ್ಣಿಗೆ ಔಷಧಿ ಬಿಡಬೇಕು. ಬೆಳಕು ಕತ್ತಲೆ ತಿಳಿಯುತ್ತದೆ, ಬಿಸಿಲಿಗೆ ದೊಡ್ಡ ಬಿಳಿ ವಸ್ತು ಹಿಡಿದರೆ ಗುರುತಿಸುತ್ತಾರೆ, ಅಷ್ಟೇ. ಬಹಳ ವರ್ಷದಿಂದ ಹೀಗೇ ಇರಬೇಕು, ನೀವು ಹೇಗೆ ಓಡಾಡುತ್ತಿದ್ದಿರಿ ಅಂತ ಡಾಕ್ಟರು ಕೇಳಿದರು. "ಸಮುದ್ರದಲ್ಲಿ ಬಾಗಿಲು ಕಿಟಕಿ ಇರಲ್ಲ ಡಾಕ್ಟ್ರೇ, ಡಿಕ್ಕಿ ಹೊಡೆಯಲ್ಲ" ಅಂದರು ಮಾವನವರು.

ಇದಾದ ಮೇಲೆ ನಿನ್ನ ಅಣ್ಣ ದೋಣಿ ಕೊಟ್ಟೇಬಿಡೋಣ ಅನ್ನುತ್ತಿದ್ದಾರೆ. ಮಳೆಗಾಲಕ್ಕೆ ಹೇಗೂ ಬಳೆ ಹೋಗುತ್ತದೆ, ಅಷ್ಟರೊಳಗೆ ಹೋಟೆಲಿನವನಿಗೆ ಮಾತು ಕೊಡುತ್ತಾರಂತೆ. ಮಾವನವರು ಬೇಡ ಅನ್ನಲಿಲ್ಲ. ನನಗೆ ಹೆದರಿಕೆ ಆದದ್ದು ಅದಕ್ಕೇ. ಅವರು ಯಾವುದಕ್ಕೂ ಬೇಡ ಅನ್ನದೆ ಇದ್ದದ್ದು ನಾನು ಈ ಮನೆಗೆ ಬಂದ ಮೇಲೆ ಇದೇ ಮೊದಲು.

ನೀನೇ ಏನಾದರೂ ಬರೆ.

ಅತ್ತಿಗೆ

ಮಾರ್ಚ್ 23

ಮಗಳಿಗೆ,

ಅತ್ತಿಗೆಯೇ ಬರೆಯುತ್ತಿದ್ದಾಳೆ. ಮೂಗು ಎಳೆದುಕೊಳ್ಳುತ್ತ ಬರೆಯುತ್ತಿದ್ದಾಳೆ. ಕಾಗದ ಒದ್ದೆಯಾಗಿದ್ದರೆ ನಾನು ಅತ್ತೆ ಅಂದುಕೊಳ್ಳಬೇಡ.

ಗೋಡೆ ಬಿಡು. ಅದು ಹಳದಿಯಾಗಿ ಕಾಣುವುದು ನಿಂತಾಗಲೇ ಅದನ್ನು ನೋಡುವುದು ಬಿಟ್ಟೆ. ಮುಂದೆ ಏನೋ ಕಟ್ಟಿ ಮುಚ್ಚಿದ್ದಾರೆ ಅಂತ ನನಗೆ ಹೇಗೆ ತಿಳಿಯಬೇಕು. ನಿನಗೆ ಕಣ್ಣಿದೆ, ಕಾಣುತ್ತದೆ ಅಂದುಕೊಂಡೆ.

ಈಗ ನಿಜವಾದ ಗುರುತು ಹೇಳುತ್ತೇನೆ. ಟ್ಯಾಂಕು ಕಪ್ಪಗೆ ಕಾಣುತ್ತದೆ, ಅದು ಅದೇ. ಅದರ ನೆತ್ತಿಯ ಮೇಲೆ ಬಿಳಿ ಬರಬೇಕು. ಆಸ್ಪತ್ರೆ ತಾರಸಿಯ ಮೂಲೆಯ ತಂತಿಯಲ್ಲಿ ನೀನು ಹಾಕುವ ಬಟ್ಟೆ. ಕಪ್ಪಿನ ಮೇಲೆ ಬಿಳಿ ಕೂತರೆ ಸಾಲಿನಲ್ಲಿದ್ದೀಯ. ಬಿಳಿ ಜಾರಿದರೆ ದೋಣಿ ಜಾರಿದೆ ಅಂತ ಲೆಕ್ಕ. ಭಾನುವಾರ ಲಾಂಡ್ರಿಗೆ ರಜೆ, ಬಟ್ಟೆ ಇರುವುದಿಲ್ಲ. ಬೇಡ ಅಂದದ್ದು ಅದಕ್ಕೆ. ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಗ್ರೀಸ್ ಹೇಳಿದ್ದು ಸರಿ. ಅದು ಬಂಡೆ ಉಜ್ಜಿದ ಗೀರೇ. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ನೀನು, "ಇವತ್ತು ಮೂಲೆಯ ತಂತಿ ಹರಿದುಹೋಯಿತು, ಎಲ್ಲ ಲಿಫ್ಟಿನ ಕಡೆ ಹಾಕಿದೆ" ಅಂದೆ. ನನಗೆ ಮಧ್ಯಾಹ್ನವೇ ಗೊತ್ತಾಗಿತ್ತು.

ಕೆಲಸದ ದಿನ ರಜೆ ಹಾಕಿ ಹೋಗು. ಬಟ್ಟೆ ಹಾಕುವವರಿಗೆ ಹೇಳು, ದೊಡ್ಡವು ಮೂಲೆಯ ತಂತಿಗೆ, ಚಿಕ್ಕವು ಲಿಫ್ಟಿನ ಕಡೆ.

ನಿನ್ನ ಅಣ್ಣ ಮಾರುವ ಮಾತು ಆಡುತ್ತಿದ್ದಾನೆ. ನಾನು ಯಾವ ಬಾಯಿಂದ ಬೇಡ ಅನ್ನಲಿ. ಬೇಡ ಅನ್ನಬೇಕಾದವಳು ನೀನು. ಬರೀ ಬಾಯಲ್ಲಿ ಅಂದರೆ ಅವನು ಕೇಳುವುದಿಲ್ಲ, ಮೇಸ್ತ್ರಿಯೂ ಕೇಳುವುದಿಲ್ಲ. ಮೀನು ಇಳಿಯಬೇಕು.

ಹೆದರಿಕೆಯಾದರೆ ಹೋಗಬೇಡ. ಅದಕ್ಕೂ ನಾನು ಏನೂ ಅನ್ನುವುದಿಲ್ಲ.

ಅಪ್ಪ

ಏಪ್ರಿಲ್ 11

ಅಪ್ಪನಿಗೆ,

ನಿನ್ನ ಕಾಗದ ಬಂದ ದಿನ ತಾರಸಿಗೆ ಹೋಗಿ ಮೂಲೆಯ ತಂತಿ ಹಿಡಿದುಕೊಂಡು ನಿಂತೆ. ಕೈಯಲ್ಲಿ ಒದ್ದೆ ಬೆಡ್‌ಶೀಟು, ಕಣ್ಣಲ್ಲಿ ನೀರು. ಜೊತೆಗೆ ಕೆಲಸ ಮಾಡುವ ಇಸ್ತ್ರಿ ಅಕ್ಕ "ಏನಾಯ್ತೇ?" ಅಂದಳು. ಎಲ್ಲ ಹೇಳಿಬಿಟ್ಟೆ. ಇನ್ನು ನಮ್ಮ ಮನೆಯಲ್ಲಿ ಗುಟ್ಟು ಮಾಡಿ ಆಗಬೇಕಾದ್ದು ಏನೂ ಇಲ್ಲ.

ನೀನು ಬೆಳಿಗ್ಗೆ ದಿನಾ ಬಟ್ಟೆ ಜಾಸ್ತಿ ಇದೆಯಾ ಅಂತ ಯಾಕೆ ಕೇಳುತ್ತಿದ್ದೆ ಅಂತ ಈಗ ತಿಳಿಯಿತು. ಕೆಲವು ದಿನ ಬೇಕಂತಲೇ ಉತ್ತರ ಕೊಡದೆ ಹೋಗುತ್ತಿದ್ದೆ ನಾನು. ಆ ದಿನಗಳಲ್ಲಿ ನೀನು ಏನು ಮಾಡುತ್ತಿದ್ದೆ? ಕಾಣುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆಯೇ ಹೊರಡುತ್ತಿದ್ದೆಯಾ? ಒಂದು ದಿನ ನಾನು ಜ್ವರ ಬಂದು ಮಲಗಿದ್ದರೆ?

ಮೊನ್ನೆ ಗುರುವಾರ ರಜೆ ಹಾಕಿದೆ. ಮೇಲ್ವಿಚಾರಕರು ಕಾರಣ ಕೇಳಿದರು. ದೋಣಿ ಅಂದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ಕಾರಣ ಕೇಳಿಲ್ಲ ಅನ್ನುತ್ತಲೇ ರಜೆ ಕೊಟ್ಟರು. ಇಸ್ತ್ರಿ ಅಕ್ಕ ನನ್ನ ಕೆಲಸ ತಾನು ಮಾಡುತ್ತೇನೆ ಅಂದಳು. "ನೀನು ಹೋಗು. ಹೊಸ ಬೆಡ್‌ಶೀಟಿನ ಕಟ್ಟು ಬಂದಿದೆ, ಒಂದು ಸಲ ಒಗೆದೇ ಕೊಡಬೇಕು, ಅವನ್ನೇ ಹಾಕ್ತೀನಿ. ಕಣ್ಣು ಕುಕ್ಕಬೇಕು" ಅಂದಳು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನೆಲ್ಲ ಲಿಫ್ಟಿನ ಕಡೆಗೆ ಓಡಿಸಿದಳಂತೆ.

ಬೇರೆ ದೋಣಿಗಳ ಬೆನ್ನಿಗೇ ಕೋರೆಹಲ್ಲು ದಾಟಿ ಹೊರಗೆ ಹೋಗಿ ತಿರುಗಿ ನೋಡಿದಾಗ ಇನ್ನೂ ಏನೂ ಇರಲಿಲ್ಲ. ಬಟ್ಟೆ ಹಾಕುವ ಹೊತ್ತಾಗಿರಲಿಲ್ಲ. ಕಾದು ಕೂತೆ. ಆಸ್ಪತ್ರೆಯೇ ಬೂದಿ ಬಣ್ಣ, ಮಬ್ಬಿನಲ್ಲಿ ಎಲ್ಲಿ ಆಕಾಶ ಎಲ್ಲಿ ಗೋಡೆ ಅಂತ ನನ್ನ ನೆಟ್ಟಗಿರುವ ಕಣ್ಣಿಗೇ ತಿಳಿಯಲಿಲ್ಲ. ಆಮೇಲೆ ಒಂದು ಬಿಳಿ ಚುಕ್ಕೆ ಬಂತು. ಪಕ್ಕಕ್ಕೆ ಇನ್ನೊಂದು. ಉದ್ದವಾಗುತ್ತಾ ಹೋಯಿತು. ಅದನ್ನು ಹಾಕುವ ಕೈ ಕಾಣಲಿಲ್ಲ, ಬಿಳಿ ಮಾತ್ರ ಕಂಡಿತು. ದಿನಾ ನಾನು ಬೈದುಕೊಳ್ಳುತ್ತ ಮಾಡುತ್ತಿದ್ದ ಕೆಲಸ ಅಷ್ಟು ದೂರದಿಂದ ಹಾಗೆ ಕಾಣುತ್ತದೆ ಅಂತ ನನಗೆ ಯಾರು ಹೇಳಬೇಕಿತ್ತು? ನೀನೇ ಹೇಳಬೇಕಿತ್ತು.

ಟ್ಯಾಂಕಿನ ಮೇಲೆ ಬಿಳಿ ಕೂರಿಸಿಕೊಂಡು ಹೊರಗೆ ಹೋದೆ. ಕಲ್ಲುತಳ ಸಿಕ್ಕಿತು, ಲಂಗರಿನ ಹಗ್ಗ ಕೈಯಲ್ಲಿ ಗರಗರ ಅಂದಿತು. ಹಗ್ಗದ ತುದಿ ಕಟ್ಟಿದ್ದೆ, ಮೇಸ್ತ್ರಿಯಾಗಲು ನನಗೆ ಇಷ್ಟವಿಲ್ಲ. ಗಾಳ ಬಿಟ್ಟು ಸುಮ್ಮನೆ ಕೂತೆ. ಮೊದಲ ಮೀನು ಬಂದಾಗ ಯಾರಿಗೆ ತೋರಿಸಲಿ ಅಂತ ಸುತ್ತ ನೋಡಿದೆ. ಆಮೇಲೆ ಒಂದಾದ ಮೇಲೊಂದು ಬಂತು, ಬಕೆಟ್ಟಿನ ಅರ್ಧಕ್ಕಿಂತ ಮೇಲೆ.

ಬರುವಾಗ ಹೆದರಿದೆ, ಸುಳ್ಳು ಹೇಳುವುದಿಲ್ಲ. ಎರಡು ಪಕ್ಕವೂ ನೊರೆ, ಸದ್ದು. ಬಂಡೆ ನೋಡಬೇಕು ಅನ್ನಿಸುತ್ತಿತ್ತು, ನೋಡಲಿಲ್ಲ. ನೀನು ಹೇಗೆ ಬಂದಿರುತ್ತೀಯೋ ಹಾಗೇ ಬಂದೆ, ಕಪ್ಪು ಮತ್ತು ಬಿಳಿ ಎರಡನ್ನೇ ನೋಡುತ್ತ. ಒಂದು ಸಲ ಬಿಳಿ ಜಾರಿತು, ಚುಕ್ಕಾಣಿ ಎಳೆದೆ, ಮತ್ತೆ ಕೂತಿತು. ಸದ್ದು ಹಿಂದೆ ಉಳಿದಾಗ ಜೆಟ್ಟಿಯ ಒಳಗಿದ್ದೆ.

ಮೇಸ್ತ್ರಿ ಬಕೆಟ್ಟಿಗೆ ಕೈ ಹಾಕಿ ಒಂದನ್ನು ಎತ್ತಿ ನೋಡಿದ. "ನಿಮ್ಮಪ್ಪನ ಜಾಗದ್ದೇ" ಅಂದ. ಅಷ್ಟೇ ಅಂದದ್ದು. ಬಳೆ ನಮ್ಮದೇ. ಗ್ರೀಸ್ ಕುಣಿದ, ನೆಲದ ಮೇಲಾದ್ದರಿಂದ ವಾಂತಿ ಬರಲಿಲ್ಲ. ಹೋಟೆಲಿನವನಿಗೆ ಗುಲಾಬಿಗೆ ಕುಂಡ ಸಿಗುತ್ತದೆ ಅಂತ ಹೇಳಿ ಕಳಿಸಿದೆ. ಅಣ್ಣನಿಗೆ ಫೋನು ಮಾಡಿದೆ, ಅವನು "ನೀನು ಈಜು ಮರೆತಿಲ್ಲ ತಾನೇ?" ಅಂತ ಕೇಳಿದ. ಮಾರುವ ಮಾತು ಎತ್ತಲಿಲ್ಲ.

ಈಗ ನೀನು ಬಾ. ಪ್ಲಾಸ್ಟರು ತೆಗೆದಾಯಿತಲ್ಲ. ಔಷಧಿ ಬಿಡಲು ನನಗೂ ಬರುತ್ತದೆ. ದೋಣಿಯನ್ನು ನಿನಗೆ ವಾಪಸು ಕೊಡುವುದಿಲ್ಲ, ಆ ಆಸೆ ಇಟ್ಟುಕೊಂಡು ಬರಬೇಡ. ಮುಂದಿನ ಹಲಗೆಯ ಮೇಲೆ ಕೂತು ಗಾಳ ಹಿಡಿಯಬಹುದು, ನೀರಿನ ಸದ್ದು ಕೇಳಬಹುದು, ನನ್ನನ್ನು ಬೈಯಬಹುದು. ನನಗೆ ಕಲ್ಲುತಳ ಒಂದು ಗೊತ್ತಾಯಿತು, ಉಳಿದದ್ದೆಲ್ಲ ನಿನ್ನ ತಲೆಯಲ್ಲೇ ಇದೆ.

ನಿನ್ನ ಮಗಳು

ಏಪ್ರಿಲ್ 24

ಮಗಳಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಅತ್ತಿಗೆ ಕಾಗದದ ಅಂಚಿಗೆ ಸ್ಕೇಲು ಇಟ್ಟು ಕೊಟ್ಟಿದ್ದಾಳೆ. ಸಾಲಿನ ಮೇಲೆ ಸಾಲು ಹತ್ತಿದರೆ ಬಿಡಿಸಿ ಓದು.

ಕೇಳಿದ್ದಕ್ಕೆ ಉತ್ತರ. ನೀನು ಮಾತಾಡದೆ ಹೋದ ದಿನ ನಾನು ಹೊರಡುತ್ತಿರಲಿಲ್ಲ. ಜೆಟ್ಟಿಯಲ್ಲಿ ಇಂಜಿನ್ ಬಿಚ್ಚಿಕೊಂಡು ಕೂತಿರುತ್ತಿದ್ದೆ. ಗ್ರೀಸ್ ಅದನ್ನು ನೋಡಿದ್ದಾನೆ, ನನ್ನ ಇಂಜಿನ್ ಯಾವಾಗಲೂ ಕೆಡುತ್ತದೆ ಅಂದುಕೊಂಡಿದ್ದಾನೆ.

ನಿನಗೆ ಮೊದಲೇ ಹೇಳಿದ್ದರೆ ನೀನು ಹೋಗಬೇಡ ಅನ್ನುತ್ತಿದ್ದೆ. ಅಂದಿದ್ದರೆ ನಾನು ನಿಲ್ಲುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಇನ್ನೊಂದು ಇದೆ. ಮಧ್ಯಾಹ್ನ ಒಂದು ಹೊತ್ತಿಗೆ ಬಿಳಿ ಹೋಗುತ್ತಿತ್ತು. ಒಣಗಿದ್ದು ತೆಗೆದು ನೀನು ಊಟಕ್ಕೆ ಇಳಿದೆ ಅಂತ ತಿಳಿಯುತ್ತಿತ್ತು. ಆಗ ನಾನೂ ಬುತ್ತಿ ಬಿಚ್ಚುತ್ತಿದ್ದೆ. ಊಟ ಮುಗಿಸಿ ನೀನು ಎರಡನೇ ಸಲದ್ದು ಹಾಕುವವರೆಗೆ ಕಾಯುತ್ತಿದ್ದೆ. ಬಿಳಿ ಬಂದರೆ ದಡಕ್ಕೆ ಹೊರಡುತ್ತಿದ್ದೆ. ಭಾನುವಾರ ಜೊತೆಯಲ್ಲಿ ಉಣ್ಣಲು ಮನೆಯಲ್ಲಿ ಇರುತ್ತೇನೆ ಅಂತ ನಿನಗೆ ಹೇಳಿದ್ದು ನೆಪ. ಉಳಿದ ದಿನ ಉಂಡದ್ದು ನಿಜ.

ಶುಕ್ರವಾರದ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಅಣ್ಣ ಹತ್ತಿಸುತ್ತಾನೆ, ಕಂಡಕ್ಟರಿಗೆ ಹೇಳುತ್ತಾನೆ. ಇಳಿಯುವ ಕಡೆ ಜನ ಬಹಳ ಇರುತ್ತಾರೆ, ನನ್ನನ್ನು ಕೂಗಿ ಕರೆಯಬೇಡ, ಎಲ್ಲರೂ ನೋಡುತ್ತಾರೆ.

ಒಂದು ಬಿಳಿ ಬೆಡ್‌ಶೀಟು ಹೊದ್ದುಕೊಂಡು ಬಿಸಿಲಲ್ಲಿ ನಿಂತಿರು. ನಾನೇ ಬರುತ್ತೇನೆ.

ಅಪ್ಪ